ಡಾಕ್ಟರ ಮುಂದೆ ‘ಅಡ್ಡಿಲ್ಲ’ ಎನ್ನುವ ಮಾವನವರು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿಮನೆ. ಮಾವನವರಿಗೆ 71 ವರ್ಷ. ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಎರಡು ವರ್ಷಗಳ ಹಿಂದೆ ಮಣಿಪಾಲದಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಅಂಕಿ ಕ್ರಿಯಾಟಿನಿನ್ ಏರಿದ ಮೇಲೆ ಮೂರು ತಿಂಗಳಿಗೊಮ್ಮೆ ಶಿವಮೊಗ್ಗದ ಕಿಡ್ನಿ ತಜ್ಞರ ಬಳಿಗೂ ಕರೆದೊಯ್ಯುತ್ತಿದ್ದೇನೆ. ರಕ್ತ ಪರೀಕ್ಷೆ ಇರುವುದರಿಂದ ಖಾಲಿ ಹೊಟ್ಟೆಯಲ್ಲಿ, ಮಾತ್ರೆಯನ್ನೂ ನುಂಗದೆ ಮೊದಲ ಬಸ್ಸಿಗೆ ಹೊರಡುತ್ತಾರೆ. ಡಾಕ್ಟರು ‘ಹೇಗಿದ್ದೀರಿ’ ಎಂದು ಕೇಳಿದರೆ ‘ಅಡ್ಡಿಲ್ಲ’ ಎನ್ನುತ್ತಾರೆ. ಹಿಂದಿರುಗುವ ಬಸ್ಸಿನಲ್ಲಿ ಕುಳಿತ ಮೇಲೆ ತಲೆ ತಿರುಗುವುದು, ಸುಸ್ತು, ಮೊಣಕಾಲು ನೋವು ಎಲ್ಲವೂ ನೆನಪಾಗುತ್ತವೆ. ಕಳೆದ ಎರಡು ಸಲವೂ ಬಿ.ಪಿ. ಜಾಸ್ತಿ ಇದೆಯೆಂದು ಮಾತ್ರೆ ಏರಿಸಿದ್ದಾರೆ. ನಾನು ಸೊಸೆ, ನಡುವೆ ಬಾಯಿ ಹಾಕಿದರೆ ಅವರಿಗೆ ಇರಿಸುಮುರಿಸು. ಬೆಂಗಳೂರಿನಲ್ಲಿರುವ ನನ್ನ ಯಜಮಾನರು ಫೋನಿನಲ್ಲಿ ‘ಡಾಕ್ಟರ್ ಏನಂದರು’ ಎಂದು ಕೇಳಿದಾಗ ನನ್ನ ಬಳಿ ಸರಿಯಾದ ಉತ್ತರ ಇರುವುದಿಲ್ಲ. ತಜ್ಞರೊಡನೆ ಮಾತಾಡಲು ಮಾವನವರಿಗೆ ನಾನು ಹೇಗೆ ನೆರವಾಗಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ತಪ್ಪಿಸಿಕೊಂಡು ಎರಡನೆಯ ಸಲ ಸಿಕ್ಕಿಬಿದ್ದದ್ದು, ನೀವು ಪ್ರಯಾಣದ ವಿವರವೆಂಬಂತೆ ಬರೆದಿರುವ ಒಂದು ವಾಕ್ಯ: ಶಿವಮೊಗ್ಗಕ್ಕೆ ಹೋಗುವ ದಿನ ಅವರು ಬೆಳಗಿನ ಮಾತ್ರೆ ನುಂಗುವುದಿಲ್ಲ. ಈ ಒಂದು ಸಂಗತಿ ಆ ತಜ್ಞರಿಗೆ ಇದುವರೆಗೆ ಗೊತ್ತಾಗಿರುವಂತೆ ಕಾಣುವುದಿಲ್ಲ. ಅದು ಯಾಕೆ ಗೊತ್ತಾಗಲಿಲ್ಲ ಎನ್ನುವುದನ್ನು ನೋಡಿದರೆ ನೀವು ಎಲ್ಲಿ ನೆರವಾಗಬೇಕೆಂಬುದೂ ತಿಳಿಯುತ್ತದೆ. ಮೊದಲಿಗೆ ‘ಅಡ್ಡಿಲ್ಲ’ದ ಮಾತು.

ನಮ್ಮ ಕಡೆ ಊಟ ಹೇಗಿತ್ತು ಎಂದರೂ ಅಡ್ಡಿಲ್ಲ, ಈ ವರ್ಷದ ಫಸಲು ಹೇಗಿದೆ ಎಂದರೂ ಅಡ್ಡಿಲ್ಲ, ಮಗಳಿಗೆ ಬಂದ ಸಂಬಂಧ ಹೇಗಿದೆ ಎಂದರೂ ಅಡ್ಡಿಲ್ಲ. ಈ ಮೂರರಲ್ಲಿ ಯಾವುದು ಮೆಚ್ಚುಗೆ, ಯಾವುದು ಸಹನೆ, ಯಾವುದು ಮೆಲ್ಲಗೆ ತಳ್ಳಿಹಾಕುವುದು ಎಂಬುದು ಹೇಳುವ ದನಿಯಿಂದ ನಮಗೆ ತಿಳಿಯುತ್ತದೆ. ದಾವಣಗೆರೆಯಿಂದಲೋ ಕಲಬುರಗಿಯಿಂದಲೋ ಕೇರಳದಿಂದಲೋ ಬಂದು ಶಿವಮೊಗ್ಗದಲ್ಲಿ ನೆಲೆಸಿದ ತಜ್ಞರಿಗೆ ಆ ದನಿ ತಿಳಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅವರು ಅದನ್ನು ‘ತೊಂದರೆ ಏನೂ ಇಲ್ಲ’ ಎಂದು ಬರೆದುಕೊಳ್ಳುತ್ತಾರೆ, ಯಂತ್ರ ತೋರಿಸಿದ ಅಂಕಿಯನ್ನು ನೋಡುತ್ತಾರೆ, ಅಂಕಿ ಹೆಚ್ಚಿದ್ದರೆ ಮಾತ್ರೆ ಏರಿಸುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮೂವತ್ತು ವರ್ಷಗಳ ಕಾಲ ಮಲೆನಾಡಿನ ತಾಲ್ಲೂಕು ಊರುಗಳಲ್ಲಿ ವೈದ್ಯನಾಗಿ ಅದನ್ನೇ ಮಾಡಿದ್ದೇನೆ ಎಂದರೂ ತಪ್ಪಾಗಲಾರದು.

ಈಗ ನಿಮ್ಮ ಮಾವನವರ ವಿಷಯದಲ್ಲಿ ನಡೆದಿರಬಹುದಾದದ್ದನ್ನು ಊಹಿಸಿ. ಬೆಳಗಿನ ಬಿ.ಪಿ. ಮಾತ್ರೆ ತಪ್ಪಿದೆ. ತೀರ್ಥಹಳ್ಳಿಯಿಂದಲೇ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಕುಲುಕಾಡಿದ್ದಾರೆ, ಹೊಟ್ಟೆಗೆ ಏನೂ ಬಿದ್ದಿಲ್ಲ, ಟೋಕನ್ ಹಿಡಿದು ಕಾದಿದ್ದಾರೆ, ಬಹುಶಃ ಮೂತ್ರವನ್ನೂ ಕಟ್ಟಿಕೊಂಡಿದ್ದಾರೆ. ಇವುಗಳಲ್ಲಿ ಒಂದೊಂದೂ ಬಿ.ಪಿ.ಯನ್ನು ಏರಿಸಬಲ್ಲದು. ಆ ಹೊತ್ತಿನಲ್ಲಿ ಅಳೆದ ಅಂಕಿಯನ್ನು ನಂಬಿ ಮಾತ್ರೆ ಏರಿಸಿದರೆ, ಮನೆಯಲ್ಲಿ ದಿನವೂ ತಪ್ಪದೆ ಮಾತ್ರೆ ನುಂಗುವ ಮನುಷ್ಯನಿಗೆ ಅದು ಹೆಚ್ಚಾಗಿ, ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬರಬಹುದು. ನೀವು ಬರೆದಿರುವ ತಲೆ ತಿರುಗುವಿಕೆ ಅದೇ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ. ಹದಿನೆಂಟು ವರ್ಷಗಳ ಸಕ್ಕರೆ ಕಾಯಿಲೆಯೊಂದೇ ನರಗಳನ್ನು ದುರ್ಬಲಗೊಳಿಸಿ ಅದೇ ಲಕ್ಷಣವನ್ನು ತರಬಲ್ಲದು. ಆದರೆ ‘ಇಲ್ಲಿಗೆ ಬರುವ ದಿನ ಮಾತ್ರೆ ನುಂಗಿರುವುದಿಲ್ಲ, ಮನೆಯಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ’ ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಯಾವ ತಜ್ಞರೂ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡದೆ ಇರಲಾರರು. ನಿಂತಾಗ ಮೇಲಿನ ಅಂಕಿ 20ರಷ್ಟೋ ಅದಕ್ಕಿಂತ ಹೆಚ್ಚೋ ಇಳಿದರೆ ಚಿಕಿತ್ಸೆಯ ದಿಕ್ಕೇ ಬದಲಾಗಬಹುದು. ಇಷ್ಟನ್ನು ತಿಳಿಸದೆ ನೀವಾಗಿಯೇ ಮಾತ್ರೆ ಕಡಿಮೆ ಮಾಡುವುದು ಮಾತ್ರ ಬೇಡ.

ಮಾತ್ರೆ ತಪ್ಪಿದ ಸಂಗತಿ ತಜ್ಞರಿಗೆ ತಿಳಿಯದಂತಾಗುವ ಈ ತಪ್ಪನ್ನು ನಾನು ನನ್ನ ಮನೆಯಲ್ಲಿಯೇ ಮಾಡಿದ್ದೇನೆ. ನನ್ನ ತಾಯಿಯನ್ನು ಹೃದಯ ತಜ್ಞರೊಬ್ಬರ ಬಳಿ ಕರೆದುಕೊಂಡು ಹೋದಾಗ ನಾನು ಸ್ವತಃ ವೈದ್ಯನೆಂಬ ಠೀವಿಯಲ್ಲಿ ಎಲ್ಲ ಪ್ರಶ್ನೆಗಳಿಗೂ ನಾನೇ ಉತ್ತರಿಸಿದೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅವರು ಕೇಳಿದಾಗ ಅಮ್ಮ ಏನೋ ಹೇಳಲು ಬಾಯಿ ತೆರೆದರು. ನಾನು ‘ತಪ್ಪದೆ ಕೊಡುತ್ತಿದ್ದೇವೆ’ ಎಂದುಬಿಟ್ಟೆ. ಕಾಲಿನ ಬಾವು ನೋಡಿ ಅವರು ನೀರಿನ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅಮ್ಮ ಮದುವೆ, ಶ್ರಾದ್ಧ, ಆಸ್ಪತ್ರೆ ಎಂದು ಬಸ್ಸು ಹತ್ತಬೇಕಾದ ದಿನಗಳಲ್ಲೆಲ್ಲ, ದಾರಿಯಲ್ಲಿ ಮೂತ್ರಕ್ಕೆ ಎಲ್ಲಿ ಹೋಗುವುದೆಂಬ ಭಯಕ್ಕೆ ಆ ಮಾತ್ರೆಯನ್ನು ಬಿಡುತ್ತಿದ್ದರೆಂದೂ, ಆ ತಿಂಗಳು ಊರಿನಲ್ಲಿ ಮದುವೆಗಳು ಸಾಲಾಗಿ ಇದ್ದವೆಂದೂ ನನಗೆ ತಿಳಿದದ್ದು ಆರು ವಾರಗಳ ನಂತರ, ಅದೂ ನನ್ನ ಹೆಂಡತಿಯಿಂದ. ಅಂಥ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಸುಮಾರು ಆರು ಗಂಟೆ ಹೊತ್ತು ಮೂತ್ರ ಇಳಿಸುತ್ತದೆ. ಪ್ರಯಾಣದ ದಿನ ಅದನ್ನು ಮಧ್ಯಾಹ್ನದ ಮೇಲೆ ತೆಗೆದುಕೊಳ್ಳಬಹುದೇ ಎಂದು ಒಂದು ಮಾತು ಕೇಳಿದ್ದರೆ ಪರಿಹಾರ ಅಲ್ಲಿಯೇ ಸಿಗುತ್ತಿತ್ತು. ನಿಮ್ಮ ಮಾವನವರು ಮಾತ್ರೆ ಬಿಡುವುದಕ್ಕೆ ರಕ್ತ ಪರೀಕ್ಷೆಯೊಂದೇ ಕಾರಣವೇ, ಬಸ್ಸೂ ಒಂದು ಕಾರಣವೇ ಎಂದು ನಿಮ್ಮ ಯಜಮಾನರ ಮೂಲಕ ಕೇಳಿಸಿ ನೋಡಿ. ಸೊಸೆಯ ಮುಂದೆ ಹೇಳದ್ದನ್ನು ಮಗನಿಗೆ ಹೇಳಿಯಾರು.

ಆದ್ದರಿಂದ ಮುಂದಿನ ಭೇಟಿಯಲ್ಲಿ ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಂಡು ಬರಬೇಕಾದ ಸಂಗತಿಯೊಂದಿದೆ: ಶಿವಮೊಗ್ಗಕ್ಕೆ ಬರುವ ದಿನ ಯಾವ ಮಾತ್ರೆಯನ್ನು ನುಂಗಿ ಬರಬೇಕು, ಯಾವುದನ್ನು ತಡಮಾಡಬೇಕು. ಎಲ್ಲ ಮಾತ್ರೆಗಳಿಗೂ ಒಂದೇ ಉತ್ತರ ಇರುವುದಿಲ್ಲ. ‘ಖಾಲಿ ಹೊಟ್ಟೆ’ ಎಂದರೆ ಆಹಾರಕ್ಕೆ ಸಂಬಂಧಪಟ್ಟದ್ದು, ಬಿ.ಪಿ. ಮಾತ್ರೆಯನ್ನು ಒಂದು ಗುಟುಕು ನೀರಿನೊಡನೆ ನುಂಗಲು ಸಾಮಾನ್ಯವಾಗಿ ಅಭ್ಯಂತರ ಇರುವುದಿಲ್ಲ. ಸಕ್ಕರೆಯ ಮಾತ್ರೆ ಮತ್ತು ಇನ್ಸುಲಿನ್ ಹಾಗಲ್ಲ, ಅವನ್ನು ತೆಗೆದುಕೊಂಡು ಉಪವಾಸ ಕುಳಿತರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕಿಡ್ನಿ ಸೋತವರಲ್ಲಿ ಇನ್ಸುಲಿನ್ನೂ ಕೆಲವು ಸಕ್ಕರೆ ಮಾತ್ರೆಗಳೂ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಸಾಧ್ಯವಿದ್ದರೆ ಇನ್ನೊಂದು ಉಪಾಯ ಮಾಡಿ. ತಜ್ಞರು ಯಾವ ಯಾವ ಪರೀಕ್ಷೆ ಬೇಕೆನ್ನುತ್ತಾರೆಂದು ಈ ಸಲವೇ ಬರೆಸಿಕೊಂಡು, ಮುಂದಿನ ಭೇಟಿಗೆ ಎರಡು ದಿನ ಮೊದಲು ತೀರ್ಥಹಳ್ಳಿಯಲ್ಲಿಯೇ ರಕ್ತ ಕೊಟ್ಟು, ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ಆಗ ಉಪವಾಸದ ಪ್ರಯಾಣ ತಪ್ಪುತ್ತದೆ, ಒಳಗೆ ಸಿಗುವ ಐದು ನಿಮಿಷ ರಿಪೋರ್ಟ್ ಬರಲಿ ಎನ್ನುವುದರಲ್ಲಿ ಕಳೆದುಹೋಗುವುದೂ ಇಲ್ಲ. ಪ್ರತಿ ಸಲವೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿದರೆ ಅಂಕಿಗಳನ್ನು ಹೋಲಿಸಲು ಅನುಕೂಲ.

ಇನ್ನು ಪದಗಳ ವಿಷಯ. ನನ್ನ ದೃಷ್ಟಿಯಲ್ಲಿ ಮನೆಯವರು ಮಾಡಬಹುದಾದ ಅತಿ ದೊಡ್ಡ ಸಹಾಯ ಇಲ್ಲಿದೆ, ಆದರೆ ಇದನ್ನು ಯಾರೂ ಸಹಾಯವೆಂದು ಎಣಿಸುವುದಿಲ್ಲ. ‘ತಲೆ ತಿರುಗುತ್ತದೆ’ ಎಂಬ ಎರಡು ಪದಗಳೊಳಗೆ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಮಗ್ಗುಲು ಹೊರಳಿದಾಗ ಜಂತಿ, ಗೋಡೆ ಎಲ್ಲವೂ ಗಿರ್ರನೆ ಸುತ್ತಿದಂತಾಗುವುದು ಒಂದು. ಅದು ಸಾಮಾನ್ಯವಾಗಿ ಕಿವಿಯ ಒಳಭಾಗಕ್ಕೆ ಸೇರಿದ್ದು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು ಇನ್ನೊಂದು. ಅದು ರಕ್ತದ ಒತ್ತಡಕ್ಕೋ ಹೃದಯದ ಬಡಿತಕ್ಕೋ ಸೇರಿದ್ದು. ತಲೆ ಸರಿಯಾಗಿಯೇ ಇದ್ದು ನಡೆಯುವಾಗ ಕಾಲು ಓಲಾಡುವುದು ಮೂರನೆಯದು. ಅದು ನರಗಳಿಗೆ ಸೇರಿರಬಹುದು. ಸಕ್ಕರೆ ಇಳಿದಾಗ ಬೆವರಿ, ಕೈ ನಡುಗಿ, ತಲೆ ಖಾಲಿಯಾದಂತೆ ಅನಿಸುವುದನ್ನೂ ಜನ ತಲೆ ತಿರುಗುವುದು ಎಂದೇ ಹೇಳುತ್ತಾರೆ. ನಾಲ್ವರು ತಜ್ಞರಿಗೆ ಹಂಚಿಹೋಗುವ ಸಂಗತಿಯನ್ನು ಒಂದೇ ಪದದಲ್ಲಿ ಕಟ್ಟಿ ಕೊಟ್ಟರೆ ಆ ಗಂಟನ್ನು ಬಿಚ್ಚಲು ಅವರಿಗೆ ಸಮಯ ಇರುವುದಿಲ್ಲ.

‘ಸುಸ್ತು’ ಎಂಬುದು ಇದಕ್ಕಿಂತ ಕಷ್ಟದ ಪದ. ನಮ್ಮ ಕಡೆ ಮೈಯಲ್ಲಿ ಶಕ್ತಿ ಇಲ್ಲದಿರುವುದೂ ಸುಸ್ತು, ಉಸಿರು ಸಾಲದೆ ನಿಲ್ಲಬೇಕಾಗುವುದೂ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲದೆ ಜಗುಲಿಯಲ್ಲಿ ಸುಮ್ಮನೆ ಕುಳಿತಿರುವುದೂ ಸುಸ್ತು. ಹೃದಯದ ತಜ್ಞರಿಗೆ ಬೇಕಾದದ್ದು ಎರಡನೆಯದು. ಎಷ್ಟು ಕೆಲಸಕ್ಕೆ ಉಸಿರು ಕಟ್ಟುತ್ತದೆ ಎಂಬುದರ ಮೇಲೆ ಅವರು ಹೃದಯದ ಸಾಮರ್ಥ್ಯವನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುತ್ತಾರೆ, ನಗರದ ರೋಗಿಗಳಿಗೆ ‘ಎಷ್ಟು ಮೆಟ್ಟಿಲು ಹತ್ತುತ್ತೀರಿ’ ಎಂದು ಕೇಳುತ್ತಾರೆ. ಒಂಟಿಮನೆಯಲ್ಲಿ ಎಣಿಸುವುದಕ್ಕೆ ಮಹಡಿ ಎಲ್ಲಿಂದ ಬರಬೇಕು? ಆದರೆ ನಿಮ್ಮಲ್ಲಿ ಅದಕ್ಕಿಂತ ಒಳ್ಳೆಯ ಅಳತೆಗೋಲಿದೆ: ತೋಟದಿಂದ ಅಂಗಳಕ್ಕೆ ಏರುವ ದಾರಿ. ‘ಹೋದ ದೀಪಾವಳಿಯಲ್ಲಿ ನಿಲ್ಲದೆ ಹತ್ತಿ ಬರುತ್ತಿದ್ದೆ, ಯುಗಾದಿಯ ಹೊತ್ತಿಗೆ ಒಂದು ಕಡೆ ನಿಲ್ಲಬೇಕಾಯಿತು, ಈಗ ಮೂರು ಕಡೆ ನಿಲ್ಲುತ್ತೇನೆ’ ಎಂದು ಮಾವನವರು ಹೇಳಿದರೆ ಅದು ‘ಸುಸ್ತು’ ಎಂಬುದಕ್ಕಿಂತ ನೂರು ಪಾಲು ಮೇಲು. ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತಾರೆ, ಮೂತ್ರಕ್ಕೆ ಎಷ್ಟು ಸಲ ಏಳುತ್ತಾರೆ, ಸಂಜೆಯ ವೇಳೆಗೆ ಚಪ್ಪಲಿಯ ಪಟ್ಟಿ ಕಾಲಿನಲ್ಲಿ ಅಚ್ಚು ಮೂಡಿಸುತ್ತದೆಯೇ ಎಂಬುವೂ ಇಂಥದೇ ಅಳತೆಗಳು. ತೂಕದ ಯಂತ್ರ ಮನೆಯಲ್ಲಿದ್ದರೆ ವಾರಕ್ಕೆರಡು ಸಲ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ನಾಲ್ಕಾರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ದೇಹದಲ್ಲಿ ನಿಂತ ನೀರು, ಮತ್ತು ಮೂರು ತಿಂಗಳ ಭೇಟಿಗಾಗಿ ಕಾಯದೆ ತಿಳಿಸಬೇಕಾದ ಸಂಗತಿ.

ಮೂರನೆಯ ಪದ ‘ಗ್ಯಾಸ್’. ಸ್ಟೆಂಟ್ ಹಾಕಿಸಿಕೊಂಡವರ ಮನೆಯಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ, ಈ ಪದವನ್ನು ಅನುಮಾನದಿಂದಲೇ ನೋಡಬೇಕು. ಅಂಥವರಲ್ಲಿ ಹೃದಯಾಘಾತ ಜೋರಾದ ಎದೆನೋವಿಲ್ಲದೆ ಬರಿಯ ಸಂಕಟ, ಬೆವರು, ವಾಂತಿ ಬಂದಂತಾಗುವುದು, ಉಸಿರು ಕಟ್ಟುವುದು ಇಷ್ಟರಲ್ಲಿಯೇ ಮುಗಿದುಹೋಗಬಹುದು. ಓಮದ ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯುವ ಸಂದರ್ಭ ಅದಲ್ಲ. ತಜ್ಞರ ಭೇಟಿಯ ದಿನಾಂಕಕ್ಕೂ ಅದಕ್ಕೂ ಸಂಬಂಧವಿಲ್ಲ, ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಆ ಗಳಿಗೆಯಲ್ಲಿಯೇ ಹೊರಡಬೇಕು, 108ಕ್ಕೆ ಕರೆ ಮಾಡಬೇಕು. ಕಿಡ್ನಿಯ ವಿಷಯದಲ್ಲಿ ಮೂತ್ರ ಗಮನಾರ್ಹವಾಗಿ ಕಡಿಮೆಯಾಗುವುದು, ಮಲಗಲಾರದಷ್ಟು ಉಸಿರುಗಟ್ಟುವುದು, ಮಂಕು ಕವಿದು ಅಸಂಬದ್ಧ ಮಾತಾಡುವುದು ಇದೇ ಬಗೆಯವು.

ಪದಗಳ ಜೊತೆಗೆ ಕಸುಬನ್ನೂ ಹೇಳಬೇಕು. ‘ಏನು ಕೆಲಸ’ ಎಂದರೆ ‘ಬೇಸಾಯ’ ಎಂಬುದು ನಮ್ಮ ಉತ್ತರ. ಮಳೆಗಾಲದಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವುದು, ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವುದು, ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗುವುದು ಎಲ್ಲವೂ ಆ ಒಂದು ಪದದಲ್ಲಿ ಮುಚ್ಚಿಹೋಗುತ್ತವೆ. ಕೆಸರಿನಿಂದ ಹತ್ತುವ ಇಲಿಜ್ವರ ಕಿಡ್ನಿಯನ್ನು ಕೆಡಿಸಬಲ್ಲದು. ಕಾಡಿನ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗುರುತಿಸಲ್ಪಟ್ಟದ್ದು 1957ರಲ್ಲಿ, ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆಯವರೆಗೆ ಜ್ವರ ಬಂದು ದೂರದ ಊರಿನ ತಜ್ಞರ ಮುಂದೆ ಕುಳಿತಾಗ ‘ಕಾಡಿಗೆ ಹೋಗಿದ್ದೆ, ಉಣ್ಣೆ ಕಚ್ಚಿತ್ತು, ತೋಟದ ಹತ್ತಿರ ಮಂಗ ಸತ್ತಿತ್ತು’ ಎಂದು ಕೇಳದಿದ್ದರೂ ಹೇಳಬೇಕು. ಬೆಂಗಳೂರಿನಲ್ಲಿ ಓದಿದ ವೈದ್ಯರಿಗೆ ಅದು ಮೊದಲ ಯೋಚನೆಯಾಗಿ ಹೊಳೆಯಲಾರದು. ಎಲೆಯಡಿಕೆ, ಹೊಗೆಸೊಪ್ಪಿನ ಲೆಕ್ಕವನ್ನೂ ಹೀಗೆಯೇ ಮುಚ್ಚಿಡದೆ ಕೊಡಬೇಕು. ಅಡಿಕೆ ಬೆಳೆಯುವವರಿಗೆ ಈ ಮಾತು ಹಿತವಾಗಿ ಕೇಳಿಸುವುದಿಲ್ಲವೆಂದು ನನಗೆ ಗೊತ್ತು, ನಾನೂ ಅಡಿಕೆಯ ದುಡ್ಡಿನಲ್ಲಿಯೇ ಓದಿದವನು.

ಈಗ ಒಂದು ಹಾಳೆ ಮತ್ತು ಒಂದು ಚೀಲ. ಹಾಳೆ ಒಂದೇ ಇರಲಿ, ಎರಡಾದರೆ ಯಾರೂ ಓದುವುದಿಲ್ಲ. ಅದನ್ನು ಭೇಟಿಗೆ ಒಂದು ವಾರ ಮೊದಲು, ರಾತ್ರಿ ಊಟವಾದ ಮೇಲೆ, ಮಾವನವರ ಬಾಯಿಂದಲೇ ಹೇಳಿಸಿ ಬರೆಯಿರಿ. ಹತ್ತನೆಯ ತರಗತಿಯ ಮೊಮ್ಮಗನೋ ಮೊಮ್ಮಗಳೋ ಮನೆಯಲ್ಲಿದ್ದರೆ ಆ ಕೆಲಸ ಅವರಿಗೆ ಒಪ್ಪಿಸಿ. ಸೊಸೆ ಕೇಳಿದರೆ ವಿಚಾರಣೆಯಂತೆ ಕಾಣುವುದು ಮೊಮ್ಮಕ್ಕಳು ಕೇಳಿದರೆ ಕತೆಯಾಗುತ್ತದೆ. ಮೇಲ್ಗಡೆ ಅವರನ್ನು ಹೆಚ್ಚು ಕಾಡುವ ತೊಂದರೆ, ಯಾವಾಗಿನಿಂದ, ಯಾವ ಹೊತ್ತಿನಲ್ಲಿ. ಕೆಳಗೆ ಕೇಳಬೇಕಾದ ಪ್ರಶ್ನೆ ಎರಡು ಅಥವಾ ಮೂರು. ಹಿಂಬದಿಯಲ್ಲಿ ಮನೆಯಲ್ಲಿ ಅಳೆದ ಬಿ.ಪಿ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕುಳಿತ ನಂತರ, ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರುವಂತೆ ಇಟ್ಟುಕೊಂಡು, ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ ಬರೆದ ಅಂಕಿಗಳು ತಜ್ಞರ ಮೇಜಿನ ಮೇಲಿನ ಒಂದು ಅಂಕಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ನಿಮ್ಮ ಮಾವನವರ ವಿಷಯದಲ್ಲಂತೂ ಈ ಏಳು ದಿನಗಳ ಪಟ್ಟಿ ಇಲ್ಲದೆ ಮುಂದಿನ ಭೇಟಿಗೆ ಹೋಗಲೇಬೇಡಿ.

ಚೀಲದಲ್ಲಿ ಹಳೆಯ ಚೀಟಿಗಳಷ್ಟೇ ಸಾಲದು, ಮನೆಯಲ್ಲಿರುವ ಎಲ್ಲ ಮಾತ್ರೆಗಳೂ ಅವುಗಳ ಸ್ಟ್ರಿಪ್‌ಗಳ ಸಮೇತ ಇರಬೇಕು. ಮಣಿಪಾಲದ ಚೀಟಿಯಲ್ಲಿ ಒಂದು ಹೆಸರಿನಲ್ಲಿ, ಶಿವಮೊಗ್ಗದ ಚೀಟಿಯಲ್ಲಿ ಇನ್ನೊಂದು ಕಂಪನಿಯ ಹೆಸರಿನಲ್ಲಿ ಒಂದೇ ಬಿ.ಪಿ. ಔಷಧಿ ಇದ್ದು, ರೋಗಿ ಎರಡನ್ನೂ ಶ್ರದ್ಧೆಯಿಂದ ನುಂಗುತ್ತಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಹಾಗೆಯೇ ಮೊಣಕಾಲು ನೋವು ಎಂದು ನೀವು ಬರೆದಿರುವುದರಿಂದ ಕೇಳುತ್ತೇನೆ, ಆ ನೋವಿಗೆ ಅವರು ಏನು ನುಂಗುತ್ತಿದ್ದಾರೆ? ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಸೋತ ಕಿಡ್ನಿಯನ್ನು ಇನ್ನಷ್ಟು ಸೋಲಿಸುತ್ತವೆ, ಬಿ.ಪಿ.ಯನ್ನೂ ಏರಿಸುತ್ತವೆ. ರೋಗಿಗಳು ಇದನ್ನು ಬೇಕೆಂದು ಬಚ್ಚಿಡುವುದಿಲ್ಲ. ಡಾಕ್ಟರು ಬರೆದದ್ದಷ್ಟೇ ಔಷಧಿ, ಅಂಗಡಿಯಿಂದ ತಂದದ್ದು ಲೆಕ್ಕಕ್ಕಿಲ್ಲ ಎಂಬುದು ಅವರ ಎಣಿಕೆ. ನಾಟಿ ಔಷಧಿಯದು ಬೇರೆ ಕತೆ. ಬೈಗುಳದ ಭಯಕ್ಕೆ ಅದನ್ನು ನಿಜವಾಗಿಯೂ ಮುಚ್ಚಿಡುತ್ತಾರೆ. ಹೇಳಿ ಬೈಸಿಕೊಂಡರೂ ನಷ್ಟವಿಲ್ಲ, ಪುಡಿಯೋ ಭಸ್ಮವೋ ಇದ್ದರೆ ಅದನ್ನೂ ಚೀಲಕ್ಕೆ ಹಾಕಿ.

ಒಳಗೆ ಹೋದ ಮೇಲಿನ ಐದು ನಿಮಿಷಗಳ ಬಗ್ಗೆ ಎರಡು ಅಧ್ಯಯನಗಳನ್ನು ನೆನಪಿಸುತ್ತೇನೆ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಇಬ್ಬರು ಅಳೆದು ನೋಡಿದಾಗ, ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. 2002ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಅಧ್ಯಯನದಲ್ಲಿ ವೈದ್ಯರಿಗೆ ತಡೆಯದೆ ಕೇಳಲು ಹೇಳಿಕೊಟ್ಟಾಗ, ರೋಗಿಗಳು ತಾವಾಗಿಯೇ ಮಾತು ಮುಗಿಸಲು ತೆಗೆದುಕೊಂಡ ಸಮಯ ಸರಾಸರಿ 92 ಸೆಕೆಂಡು ಮಾತ್ರ. ಎರಡನೆಯ ಅಧ್ಯಯನವನ್ನು ನಾನು ಕಿರಿಯ ವೈದ್ಯರಿಗೆ ಹೇಳುತ್ತೇನೆ. ನಿಮಗೆ ಮೊದಲನೆಯದು ಹೆಚ್ಚು ಉಪಯುಕ್ತ, ಏಕೆಂದರೆ ಬಸ್ಸು ತಡವಾದದ್ದು, ಮಳೆ, ನೆಂಟರ ಪರಿಚಯ ಇವುಗಳಲ್ಲಿ ಆ 18 ಸೆಕೆಂಡು ಮುಗಿದರೆ ಮುಖ್ಯ ಮಾತಿಗೆ ಜಾಗ ಉಳಿಯುವುದಿಲ್ಲ. ಮಾವನವರು ಕುಳಿತೊಡನೆ ಹೇಳಬೇಕಾದ ಮೊದಲ ವಾಕ್ಯವನ್ನು ಅವರೇ ಆರಿಸಿಕೊಂಡಿರಲಿ, ಬಸ್ಸಿನಲ್ಲಿ ಒಮ್ಮೆ ನೆನಪಿಸಿಕೊಳ್ಳಲಿ. ಹಾಳೆಯನ್ನು ನೀವು ಕೊಡಬೇಡಿ, ಅವರ ಕೈಯಿಂದಲೇ ಕೊಡಿಸಿ.

ನೀವು ಅವರ ಹಿಂದೆ ನಿಲ್ಲುವ ಬದಲು ಪಕ್ಕದಲ್ಲಿ ಕುಳಿತುಕೊಳ್ಳಿ. ಹಿಂದೆ ನಿಂತರೆ ವೈದ್ಯರು ಕಣ್ಣು ಮೇಲೆತ್ತಿ ನಿಮ್ಮೊಡನೆಯೇ ಮಾತಿಗೆ ತೊಡಗುತ್ತಾರೆ. ಪ್ರಶ್ನೆ ನಿಮ್ಮತ್ತ ಬಂದರೆ ‘ಮಾವ, ನೀವೇ ಹೇಳಿ’ ಎನ್ನಿ, ಅವರು ಮರೆತದ್ದನ್ನು ಕೊನೆಗೆ ಸೇರಿಸಿ. ಪರೀಕ್ಷೆಯ ಹೊತ್ತಿನಲ್ಲಿ ಒಂದೆರಡು ನಿಮಿಷ ನೀವಾಗಿಯೇ ಎದ್ದು ಹೊರಗೆ ಬನ್ನಿ. ಮೂತ್ರದ ತೊಂದರೆ, ಮಲಬದ್ಧತೆ, ಮನಸ್ಸಿನ ಬೇಸರ, ಗಂಡಸರ ಖಾಸಗಿ ದೌರ್ಬಲ್ಯ ಇವನ್ನು 71ರ ಹಿರಿಯರು ಸೊಸೆ ಕುಳಿತಿರುವಾಗ ಹೇಳುವುದಿಲ್ಲ, ಹೇಳಬೇಕೆಂದು ನಾವು ಬಯಸುವುದೂ ಸರಿಯಲ್ಲ. ನಿಮ್ಮ ಯಜಮಾನರನ್ನು ಫೋನಿನ ಸ್ಪೀಕರಿನಲ್ಲಿ ಕೂರಿಸಬೇಡಿ. ಬೆಂಗಳೂರಿನ ಮಕ್ಕಳು ಅಂತರ್ಜಾಲದಲ್ಲಿ ಓದಿದ್ದನ್ನು ಆ ಹೊತ್ತಿನಲ್ಲಿ ಪರೀಕ್ಷಿಸತೊಡಗಿದರೆ ತಂದೆಯ ಪಾಲಿನ ಸಮಯ ಮಗನ ಪಾಲಾಗುತ್ತದೆ. ಅವರ ಪ್ರಶ್ನೆಯೂ ಹಾಳೆಯಲ್ಲಿ ಒಂದು ಸಾಲಾಗಿ ಬರಲಿ; ಕೊನೆಯ ಎರಡು ನಿಮಿಷದ ಸಲಹೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ಒಪ್ಪಿದರೆ ಅದನ್ನು ಅವರಿಗೆ ಕಳುಹಿಸಿ. ಕೇಳದೆ ಮುದ್ರಿಸಬೇಡಿ.

ವೈದ್ಯರು ಹೇಳಿದ್ದರಲ್ಲಿ 40ರಿಂದ 80 ಪ್ರತಿಶತದಷ್ಟು ಮಾತುಗಳನ್ನು ರೋಗಿಗಳು ಕೂಡಲೇ ಮರೆಯುತ್ತಾರೆಂದೂ, ನೆನಪಿನಲ್ಲಿ ಉಳಿದದ್ದರಲ್ಲೂ ಅರ್ಧದಷ್ಟು ತಪ್ಪಾಗಿರುತ್ತದೆಂದೂ 2003ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಲೇಖನ ಹೇಳುತ್ತದೆ. ಆದ್ದರಿಂದ ‘ಡಾಕ್ಟರ್ ಏನಂದರು’ ಎಂಬುದಕ್ಕೆ ಉತ್ತರ ಸಿಗದಿರುವುದು ನಿಮ್ಮ ದೋಷವಲ್ಲವೆಂದು ಯಜಮಾನರಿಗೆ ತಿಳಿಸಬಹುದು. ಇದಕ್ಕಿರುವ ಮದ್ದು ಎದ್ದು ಬರುವ ಮೊದಲು ತಿರುಗಿ ಹೇಳುವುದು: ‘ಅಂದರೆ ಈ ಬಿಳಿ ಮಾತ್ರೆ ನಿಲ್ಲಿಸಿ, ಇದನ್ನು ರಾತ್ರಿ ಊಟದ ನಂತರ ಕೊಡಬೇಕು, ಅಲ್ಲವೇ?’ ತಪ್ಪಿದ್ದರೆ ಅವರು ಅಲ್ಲಿಯೇ ತಿದ್ದುತ್ತಾರೆ. ಪಥ್ಯದ ಮಾತಿಗೆ ಇದು ಇನ್ನೂ ಅಗತ್ಯ. ‘ಉಪ್ಪು ಕಡಿಮೆ ಮಾಡಿ’ ಎಂದರೆ ಸಾರಿಗೆ ಉಪ್ಪು ಕಡಿಮೆ ಹಾಕಿ, ಭರಣಿಯಿಂದ ಮಾವಿನ ಮಿಡಿ ಎಂದಿನಂತೆ ತೆಗೆಯುವ ಮನೆಗಳು ನಮ್ಮವು. ಅಪ್ಪೆಮಿಡಿ ಉಪ್ಪಿನಲ್ಲಿಯೇ ಮುಳುಗಿ ವರ್ಷ ಕಳೆದದ್ದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ‘ನೀರು ಕಡಿಮೆ’ ಎಂದರೆ ದಿನಕ್ಕೆ ಎಷ್ಟು ಲೋಟ, ಅದರಲ್ಲಿ ಕಾಫಿ, ತಿಳಿಸಾರು, ಮಜ್ಜಿಗೆ ಸೇರಿವೆಯೇ ಎಂದು ಕೇಳಿ. ರೋಗಿಯನ್ನು ನೋಡಲು ಬರುವವರೆಲ್ಲ ಎಳನೀರು ಹಿಡಿದು ಬರುತ್ತಾರೆ; ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಕೆಲವು ಕಿಡ್ನಿ ರೋಗಿಗಳಿಗೆ ಅದು ನಿಷಿದ್ಧ, ನಿಮ್ಮ ಮಾವನವರಿಗೆ ಹೇಗೆಂಬುದು ಕೇಳಿಯೇ ತಿಳಿಯಬೇಕು. ಧಾರೆಹುಳಿಯನ್ನು (ಸ್ಟಾರ್ ಫ್ರೂಟ್) ಮಾತ್ರ ಕೇಳುವವರೆಗೂ ಕಾಯದೆ ದೂರ ಇಡಿ, ಕಿಡ್ನಿ ಸೋತವರಿಗೆ ಅದು ವಿಷವಾಗಬಲ್ಲದು.

ಇಬ್ಬರು ತಜ್ಞರಿರುವಲ್ಲಿ ಅವರಿಬ್ಬರೂ ಪರಸ್ಪರ ಮಾತಾಡಿಕೊಂಡಿರುತ್ತಾರೆ ಎಂದು ಭಾವಿಸಬೇಡಿ. ಆಗುಂಬೆ ಘಾಟಿಯ ಕೆಳಗಿನ ಮಣಿಪಾಲದವರು ಬರೆದದ್ದು ಮೇಲಿನ ಶಿವಮೊಗ್ಗದವರಿಗೆ ತಲುಪುವುದು ನಿಮ್ಮ ಚೀಲದ ಮೂಲಕವೇ. ಯಾರ ಔಷಧಿಯನ್ನು ಯಾರು ಬದಲಿಸಬಹುದೆಂದು ಇಬ್ಬರನ್ನೂ ನೇರವಾಗಿ ಕೇಳಿ ಬರೆಸಿಕೊಳ್ಳಿ. ಸ್ಟೆಂಟಿನ ಸಲುವಾಗಿ ಕೊಟ್ಟಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಹಲ್ಲು ಕೀಳಿಸುವುದಕ್ಕಾಗಿ ಆಗಲಿ, ಬೇರೆ ಯಾರ ಸಲಹೆಯ ಮೇಲೆ ಆಗಲಿ, ಹೃದಯ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಮುಂದೆಂದಾದರೂ ಬಣ್ಣದ ದ್ರಾವಣ ಚುಚ್ಚಿ ಮಾಡುವ ಸ್ಕ್ಯಾನ್ ಎಂದರೆ ಕಿಡ್ನಿಯ ಅಂಕಿಯನ್ನು ಮೊದಲೇ ತೋರಿಸಿ. ಈ ಇಬ್ಬರು ತಜ್ಞರ ನಡುವೆ ಕೊಂಡಿಯಾಗಿ ತೀರ್ಥಹಳ್ಳಿಯಲ್ಲಿ ನಿಮ್ಮನ್ನು ಬಲ್ಲ ಒಬ್ಬ ಸಾಮಾನ್ಯ ವೈದ್ಯರನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಭೇಟಿಯ ನಂತರ ಅವರಿಗೆ ಒಮ್ಮೆ ಚೀಟಿ ತೋರಿಸಿದರೆ ಸಾಕು. ಘಾಟಿಯಲ್ಲಿ ಮರವೋ ಮಣ್ಣೋ ಕುಸಿದು ದಾರಿ ಕಟ್ಟಿದ ಮಳೆಗಾಲದ ವಾರಗಳಲ್ಲಿ, ಈಗಾಗಲೇ ನೋಡಿರುವ ರೋಗಿಯ ಮರುಭೇಟಿಯನ್ನು ವಿಡಿಯೋ ಮೂಲಕ ನಡೆಸಲು 2020ರ ದೂರವೈದ್ಯಕೀಯ ಮಾರ್ಗಸೂಚಿಯಲ್ಲಿ ಅವಕಾಶವಿದೆ; ತಜ್ಞರು ಒಪ್ಪುತ್ತಾರೆಯೇ ಎಂದು ಮಳೆ ಹಿಡಿಯುವ ಮೊದಲೇ ಕೇಳಿಡಿ.

ಹಕ್ಕುಗಳ ಬಗ್ಗೆ ನೀವು ಕೇಳಿಲ್ಲ, ಚುಟುಕಾಗಿ ಹೇಳುತ್ತೇನೆ. ವೈದ್ಯರ ನಡವಳಿಕೆಯನ್ನು ಕುರಿತ 2002ರ ನಿಯಮಾವಳಿಯ ಪ್ರಕಾರ ರೋಗಿ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಗಳ ಒಳಗೆ ಕೊಡಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವ ಹಕ್ಕೂ ಸೇರಿದೆ. ಡಯಾಲಿಸಿಸ್‌ನಂಥ ದೊಡ್ಡ ನಿರ್ಧಾರ ಬಂದಾಗ ಇದು ನೆನಪಿರಲಿ. ಹಾಗೆ ಕೇಳುವುದರಿಂದ ಒಳ್ಳೆಯ ವೈದ್ಯರು ಮುನಿಸಿಕೊಳ್ಳುವುದಿಲ್ಲ. ಆದರೆ ಐದು ನಿಮಿಷದ ಭೇಟಿಯಲ್ಲಿ ಹಕ್ಕಿನ ದನಿಗಿಂತ ತಯಾರಿಯ ಹಾಳೆ ಹೆಚ್ಚು ಕೆಲಸ ಮಾಡುತ್ತದೆಂಬುದು ನನ್ನ ಅನುಭವ.

ಮಾವನವರಿಗೆ ಮಾತಾಡುವುದನ್ನು ಕಲಿಸುವುದು ಹೇಗೆಂದು ಕೇಳಿದ್ದೀರಿ. ಅವರಿಗೆ ಮಾತು ಬಾರದೆ ಇಲ್ಲ. ಅಡಿಕೆ ಮಂಡಿಯಲ್ಲಿ ತಮ್ಮ ಮಾಲಿನ ಬಗ್ಗೆ ‘ಅಡ್ಡಿಲ್ಲ’ ಎಂದು ಹೇಳಿ ಅವರು ಎದ್ದು ಬರುತ್ತಾರೆಯೇ? ಅಲ್ಲಿ ಎಷ್ಟು ಚೀಲ, ಯಾವ ದರ್ಜೆ, ಹೋದ ವರ್ಷಕ್ಕೆ ಹೋಲಿಸಿದರೆ ಏನು ಎಂದು ಒಂದೊಂದಾಗಿ ಹೇಳುತ್ತಾರೆ. ಡಾಕ್ಟರ ಮುಂದೆಯೂ ಅದೇ ಲೆಕ್ಕದ ಮಾತು ಬೇಕೆಂದು ಹೇಳಿ ನೋಡಿ, ಸೊಸೆಯ ಬದಲು ಮಗನೇ ಹೇಳಿದರೆ ಇನ್ನೂ ಮೇಲು. ಮುಂದಿನ ಭೇಟಿಯ ಹಾಳೆಯ ಮೊದಲ ಸಾಲನ್ನು ನನ್ನ ಮಟ್ಟಿಗೆ ನಾನು ಹೀಗೆ ಬರೆಯುತ್ತೇನೆ, ಅವರ ಮಾತಿಗೆ ಹೊಂದುವಂತೆ ತಿದ್ದಿಕೊಳ್ಳಿ: ‘ಇಲ್ಲಿಗೆ ಬಂದ ಕಳೆದ ಎರಡು ಸಲವೂ ನಾನು ಬೆಳಗಿನ ಮಾತ್ರೆ ನುಂಗಿರಲಿಲ್ಲ. ಇವತ್ತು ನುಂಗಿ ಬಂದಿದ್ದೇನೆ. ಮನೆಯಲ್ಲಿ ಅಳೆದ ಬಿ.ಪಿ. ಹಿಂಬದಿಯಲ್ಲಿದೆ.’